ನೀಲಿ ಇಂಟು

ಸತ್ತ ಎಮ್ಮೆ ಹತ್ತು ಸೇರು ಹಾಲು ಕೊಡ್ತಿತ್ತಂತೆ! ಅದು ಬದುಕಿದ್ದಾಗ ಒಂದು ದಿನವೂ ಕೊಟ್ಟಿಗೆ ಕಡೆ ತಲೆ ಹಾಕದವರೇ ಹೀಗೆ ಹೇಳೋದು. ಆ ಹಲ್ಲಿನ ಡಾಕ್ಟರು ಮನೆಗೆ ಬಂದು ಹೋದ ಮೇಲೆ ಮಳೆಯಮ್ಮ ಈ ಮಾತನ್ನ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಪಾತ್ರೆ ತೊಳೆಯುವಾಗ ಹೇಳುತ್ತಿದ್ದಳು, ಬಟ್ಟೆ ಒಣಹಾಕುವಾಗ ಹೇಳುತ್ತಿದ್ದಳು, ಹೇಳಿ ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು.

ಎಮ್ಮೆ ಅಂದರೆ ಇಲ್ಲಿ ಒಂದು ಕಾರು. ಅವಳು ಹತ್ತೊಂಬತ್ತು ವರ್ಷ ದುಡಿದ ಫ್ಯಾಕ್ಟರಿಯಲ್ಲಿ ತಯಾರಾಗುತ್ತಿದ್ದ ಕಾರು. ಕಂಪನಿಯವರು ಅದರ ಬೆನ್ನ ಮೇಲೆ ಬೆಳ್ಳಿ ಬಣ್ಣದ ಅಕ್ಷರಗಳಲ್ಲಿ ಏನೋ ದೊಡ್ಡ ಹೆಸರು ಅಂಟಿಸುತ್ತಿದ್ದರು. ಕೆಲಸಗಾರರು ಮಾತ್ರ ಅದನ್ನ ಕರೆಯುತ್ತಿದ್ದದ್ದು ಡಬ್ಬಿ ಅಂತ. ಬಾಗಿಲು ಹಾಕಿದರೆ ಡಬ್ಬಿ ಮುಚ್ಚಳದ ಸದ್ದೇ ಬರುತ್ತಿತ್ತು, ಇನ್ನೇನಂತ ಕರೆಯಬೇಕು? ಕೊಳ್ಳುವವರಿಲ್ಲದೆ ಅದನ್ನ ನಿಲ್ಲಿಸಿ ಹದಿನೆಂಟು ವರ್ಷ ಆಯಿತು. ಈಗ ನೋಡಿದರೆ ಅದಕ್ಕೊಂದು ಅಭಿಮಾನಿಗಳ ಸಂಘವಂತೆ! ಸಂಘದವರು ಅದನ್ನ ಕರೆಯೋದು ರಾಣಿ ಅಂತ. ರಾಣಿಯಂಥ ಕಾರು ಇನ್ನೊಂದು ಹುಟ್ಟಲಿಲ್ಲ, ದಯವಿಟ್ಟು ಮತ್ತೆ ತಯಾರಿಸಿ ಅಂತ ಕಂಪನಿಗೆ ವರ್ಷಕ್ಕೊಂದು ಮನವಿ ಬರೆಯುತ್ತಾರಂತೆ. ಅಯ್ಯೋ, ಇವರ ಬುದ್ಧಿಗಿಷ್ಟು ಬೆಂಕಿ ಹಾಕ!

ಮಳೆಯಮ್ಮನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಲ್ಲೇ ಉಳಿಯಿತು. ಈ ಹೆಸರು ಅವಳ ಕೆಲಸದಿಂದ ಬಂದದ್ದು. ಫ್ಯಾಕ್ಟರಿಯ ಕೊನೇ ಶೆಡ್ಡಿನಲ್ಲಿ ತಗಡಿನದೊಂದು ಬೂತು ಇತ್ತು. ತಯಾರಾದ ಕಾರು ಅದರೊಳಗೆ ಬಂದು ನಿಂತ ಕೂಡಲೇ ಮೇಲಿಂದ, ಅಕ್ಕಪಕ್ಕದಿಂದ, ಕೆಳಗಿಂದ ತೂತಿನ ಪೈಪುಗಳು ಒಂದೇ ಸಮನೆ ನೀರು ಚಿಮ್ಮುತ್ತಿದ್ದವು, ಏಳು ನಿಮಿಷ. ಆ ಏಳು ನಿಮಿಷ ಕಾರಿನೊಳಗೆ ಒಬ್ಬರು ಕೂತಿರಬೇಕು. ಕೈಯಲ್ಲೊಂದು ಬ್ಯಾಟರಿ, ಒಂದು ಒಣ ಬಟ್ಟೆ. ಬಾಗಿಲ ರಬ್ಬರಿನ ಉದ್ದಕ್ಕೂ ಬೆರಳಾಡಿಸಬೇಕು, ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಬೇಕು, ಕಾಲಿಡುವ ಜಾಗದಲ್ಲಿ ಕವುಚಿಕೊಂಡು ಎಲ್ಲಿ ಹನಿ, ಎಲ್ಲಿ ತೇವ ಅಂತ ಹುಡುಕಬೇಕು. ಹಾಗೆ ಕೂರುತ್ತಿದ್ದವಳು ಇವಳು. ದಿನಕ್ಕೆ ನಲವತ್ತು ಕಾರು. ಹತ್ತುವಾಗ ಇಳಿಯುವಾಗ ಪೈಪಿನಿಂದ ತೊಟ್ಟಿಕ್ಕುವ ನೀರು, ಒಳಗೆ ಕೂತಾಗ ಸೋರುವ ನೀರು, ಎಲ್ಲ ಅವಳ ತಲೆ ಮೇಲೇ. ಊರಿಗೆಲ್ಲ ಬಿಸಿಲಿದ್ದರೂ ಇವಳೊಬ್ಬಳಿಗೆ ಮಳೆ.

ಸೋರದ ಕಾರಿಗೆ ಯಾವ ಗುರುತೂ ಇಲ್ಲ, ಸೀದಾ ಮುಂದಕ್ಕೆ. ಸೋರಿದರೆ ಮಾತ್ರ ಡ್ರೈವರ್ ಕಾಲಿಡುವ ಕಡೆ, ಬರೀ ತಗಡಿನ ಮೇಲೆ, ನೀಲಿ ಮೇಣದ ಬಳಪದಿಂದ ದೊಡ್ಡದೊಂದು ಇಂಟು ಎಳೆಯುತ್ತಿದ್ದಳು. ಆ ಕಾರು ಪಕ್ಕಕ್ಕೆ ಹೋಗುತ್ತಿತ್ತು. ರಬ್ಬರು ಬದಲಿಸಿ, ಸಂದಿಗೆ ಅಂಟು ತುಂಬಿ, ಎರಡನೇ ಪಾಳಿಯಲ್ಲಿ ಇನ್ನೊಂದು ಸಲ ಮಳೆಗೆ ನಿಲ್ಲಿಸಬೇಕು. ಆಗ ಒಣಗಿದ್ದರೆ ಆ ಪಾಳಿಯವನು ಇಂಟಿನ ಸುತ್ತ ಒಂದು ರಿಂಗು ಎಳೀತಾನೆ. ಆಮೇಲಷ್ಟೇ ಅದರ ಮೇಲೆ ಕಾರ್ಪೆಟ್. ರಿಂಗಿಲ್ಲದ ಒಂಟಿ ಇಂಟು ಇದ್ದರೆ ಆ ಕಾರು ಗೇಟು ದಾಟುವ ಹಾಗಿಲ್ಲ. ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆದು ಹಾಕಿದ್ದ ಕಾನೂನು ಅದು.

ಕಾರ್ಪೆಟ್ ಅಂಟಿಸುತ್ತಿದ್ದವನು ಅವಳ ಗಂಡ. ಅವನದು ಎರಡನೇ ಪಾಳಿ. ಇವಳು ಒದ್ದೆ ತಲೆಯಲ್ಲಿ ಹೊರಗೆ ಬರುವ ಹೊತ್ತಿಗೆ ಅವನು ಒಳಗೆ ಹೋಗುತ್ತಿದ್ದ. ಗೇಟಿನ ಹತ್ತಿರ ಮನೆ ಬೀಗದ ಕೈ ಅವನಿಂದ ಇವಳಿಗೆ ಬರುತ್ತಿತ್ತು, ಜೊತೆಗೆ ಎರಡು ಮಾತು. ವಾರದಲ್ಲಿ ಆರು ದಿನ ಸಂಸಾರ ಅಂದರೆ ಅಷ್ಟೇ.

ಆ ನೀರು ಅವಳಿಗೆ ಕೊಟ್ಟದ್ದು ಎರಡು ಮೊಣಕಾಲಿನ ನೋವು, ಕೇಳದ ಒಂದು ಎಡಗಿವಿ, ವರ್ಷವಿಡೀ ಬಿಡದ ಕೆಮ್ಮು. ಹನ್ನೊಂದನೇ ವರ್ಷದಲ್ಲಿ ಫ್ಯಾಕ್ಟರಿಯ ಡಾಕ್ಟರೇ ಕರೆದು, 'ಸೀಟು ಹೊಲಿಯೋ ಕಡೆ ಹಾಕಿಸ್ತೀನಿ, ಒಣ ಜಾಗ, ಕೂತು ಮಾಡೋ ಕೆಲಸ' ಅಂದಿದ್ದರು. ಇವಳು ಒಪ್ಪಲಿಲ್ಲ. ನಾನು ಎದ್ದು ಹೋದರೆ ಸೋರೋ ಕಾರು ಯಾರದೋ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತೆ, ಯಾವುದೋ ಮಗು ಒದ್ದೆ ಕಾಲಲ್ಲಿ ಸ್ಕೂಲಿಗೆ ಹೋಗುತ್ತೆ ಅಂದಳು. ಎಂಟು ವರ್ಷ ಮತ್ತೆ ಆ ನೀರಿನೊಳಗೇ ಕೂತಳು. 'ನನ್ನ ಕೈ ದಾಟಿ ಒಂದೇ ಒಂದು ಸೋರೋ ಕಾರು ಹೊರಗೆ ಹೋಗಿಲ್ಲ' – ಇದು ಅವಳ ಮಾತು. ನಾದಿನಿ ಮುಂದೆ ಹೇಳುತ್ತಿದ್ದಳು, ಅಕ್ಕನ ಮುಂದೆ ಹೇಳುತ್ತಿದ್ದಳು, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಿದ್ದಳು. ಆ ಮಾತೊಂದು ಹೋದರೆ ಹತ್ತೊಂಬತ್ತು ವರ್ಷದಲ್ಲಿ ಅವಳಿಗೆ ಉಳಿಯೋದು ಬರೀ ನೆಗಡಿ. ಅದು ಅವಳಿಗೂ ಗೊತ್ತಿತ್ತು.

ಇರಲಿ, ಹಲ್ಲಿನ ಡಾಕ್ಟರ ವಿಷಯಕ್ಕೆ ಬರೋಣ. ಸಂಘದ ಅಧ್ಯಕ್ಷರು ಇವರೇ. ಫ್ಯಾಕ್ಟರಿಯ ಹಳೇ ಕೆಲಸಗಾರರ ಪಟ್ಟಿ ಎಲ್ಲಿಂದಲೋ ಹಿಡಿದು, ಮನೆ ಹುಡುಕಿಕೊಂಡು ಬಂದಿದ್ದರು. ಬಂದವರೇ ಕುರ್ಚಿಯ ತುದಿಯಲ್ಲಿ ಕೂತು ಒಂದು ಆಲ್ಬಮ್ ತೆಗೆದರು. 'ರಾಣಿ' ಅಂದರು. ಅಂದ ಕೂಡಲೇ ಕಣ್ಣು ಒದ್ದೆಯಾಯಿತು. ಪಾಪ, ಹೆಂಡತಿ ತೀರಿಕೊಂಡಿರಬೇಕು ಅಂದುಕೊಂಡಳು ಮಳೆಯಮ್ಮ. ಆಲ್ಬಮ್ಮಿನ ಮೊದಲ ಪುಟದಲ್ಲಿ ಡಬ್ಬಿಯ ಫೋಟೋ ನೋಡಿದ ಮೇಲೆ ಅರ್ಥವಾಯಿತು.

"ಈಗಿನ ಕಾರುಗಳಿಗೆ ಆತ್ಮ ಇಲ್ಲ ಅಮ್ಮಾ," ಅಂದರು ಡಾಕ್ಟರು.

"ಆತ್ಮ ಇಲ್ದಿದ್ರೆ ಹೋಗ್ಲಿ ಬಿಡಿ. ನೀರು ಒಳಗೆ ಬರಲ್ಲ ತಾನೆ?"

ಅವರಿಗೆ ಅದು ಕೇಳಿಸಲೇ ಇಲ್ಲ. ತಯಾರಿಕೆ ನಿಂತುಹೋದ ಕಾರುಗಳ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳಿಕೊಂಡು ಹೋದರು. ಎರಡೇ ಬಾಗಿಲಿನದೊಂದು, ಗುಂಡು ದೀಪದ್ದೊಂದು, ಹಿಂದೆ ಇಂಜಿನ್ ಇದ್ದದ್ದೊಂದು. ಒಂದೊಂದಕ್ಕೂ ಒಂದೊಂದು ನಿಟ್ಟುಸಿರು. ಎಲ್ಲವನ್ನೂ ಮತ್ತೆ ತಯಾರಿಸಬೇಕಂತೆ. ಹಾಗೇ, ಇದ್ದದ್ದು ಇದ್ದ ಹಾಗೇ. ಮಳೆಯಮ್ಮ ಸ್ವಲ್ಪ ಹೊತ್ತು ಕೇಳಿದಳು, ಆಮೇಲೆ ಕೇಳದ ಕಿವಿಯನ್ನ ಅವರ ಕಡೆ ತಿರುಗಿಸಿ ಕೂತಳು. ಅವರು ಉಸಿರು ತೆಗೆದುಕೊಳ್ಳಲು ನಿಂತಾಗ ಕೇಳಿದಳು.

"ಅಲ್ಲ ಡಾಕ್ಟ್ರೇ, ಈ ಕಾರು ಹೊಸದಾಗಿ ಬರ್ತಿದ್ದಾಗ ನಿಮ್ಮ ಮನೇಲಿ ಯಾವ ಕಾರಿತ್ತು?"

"ಅದು... ನಮ್ಮಪ್ಪ ಬೇರೆ ಕಂಪನಿದು ತಗೊಂಡಿದ್ರು. ಅದು ಮೈಲೇಜ್ ಸ್ವಲ್ಪ ಜಾಸ್ತಿ ಕೊಡ್ತಿತ್ತು, ರಿಪೇರಿನೂ ಕಮ್ಮಿ..."

"ಹಾಗೆ ಹೇಳಿ!"

ಹಾಗೆ ಹೇಳಿ, ನಿಮ್ಮಂಥ ನೂರು ಜನ ಆಗ ತಗೊಂಡಿದ್ದರೆ ನಾನೂರು ಜನ ಕೆಲಸಗಾರರು ಒಂದೇ ದಿನ ಮನೆಗೆ ಹೋಗುತ್ತಿರಲಿಲ್ಲ ಅಂತ ಅನ್ನಬೇಕು ಅನ್ನಿಸಿತು. ಮನೆಗೆ ಬಂದವರು ಅಂತ ಸುಮ್ಮನಾದಳು. ಡಾಕ್ಟರು ಆಲ್ಬಮ್ಮಿನ ಕೊನೇ ಪುಟ ತೆರೆದು ಅವಳ ಮುಂದೆ ಹಿಡಿದರು. ಬರೀ ತಗಡಿನ ಫೋಟೋ. ತಗಡಿನ ಮೇಲೆ ನೀಲಿ ಇಂಟು, ಸುತ್ತ ನೀಲಿ ರಿಂಗು.

"ಇದು ನಿಮ್ಮ ಕಾಲದ್ದೇ ಅಲ್ವಾ ಅಮ್ಮಾ? ನಾವು ಇದನ್ನ ನೀಲಿ ಮುದ್ರೆ ಅಂತೀವಿ. ಎಲ್ಲ ರಾಣಿಯರಿಗೂ ಇರಲ್ಲ. ಕೈಕೆಲಸದಲ್ಲಿ ನುರಿತ ಯಾರೋ ಒಬ್ಬ ಹಿರಿಯ, ತನಗೆ ತುಂಬಾ ಮೆಚ್ಚಿಗೆಯಾದ ಕಾರಿಗೆ ಮಾತ್ರ ಗುಟ್ಟಾಗಿ ಹಾಕ್ತಿದ್ದ ಅಂತ ನಮ್ಮ ಸಂಶೋಧನೆ. ನೀಲಿ ಮುದ್ರೆ ಇರೋ ಕಾರಿಗೆ ನಮ್ಮಲ್ಲಿ ಮೊದಲನೇ ಸಾಲು."

ಮಳೆಯಮ್ಮ ಒಳಗೆ ಹೋಗಿ ಅಡುಗೆಮನೆಯ ಒರೆಸುವ ಬಟ್ಟೆ ಬಾಯಿಗೆ ತುರುಕಿಕೊಂಡು ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು. ನೀರು ಕುಡಿದು ಹೊರಗೆ ಬಂದಳು. ಸೋರಿ, ರಿಪೇರಿಯಾಗಿ, ಹೇಗೋ ಪಾಸಾದ ಕಾರು ಇವರಿಗೆ ಮೊದಲನೇ ಸಾಲಂತೆ! ಮೊದಲ ಸಲಕ್ಕೇ ಸೋರದೆ ಒಣಗಿ ಬಂದ ಒಳ್ಳೇ ಕಾರೆಲ್ಲ ಹಿಂದಿನ ಸಾಲಿನಲ್ಲಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಇವರು ಹೆತ್ತವರೂ ಅಲ್ಲವಲ್ಲ!

"ಇದಕ್ಕಿಂತ ಮೇಲಿನ ದರ್ಜೆ ಇನ್ನೊಂದಿದೆ," ಅಂದರು ಡಾಕ್ಟರು. "ಅದನ್ನ ಫೋಟೋದಲ್ಲಿ ತೋರಿಸಲ್ಲ. ಮುಂದಿನ ಭಾನುವಾರ ನಮ್ಮ ವಾರ್ಷಿಕ ಕೂಟ. ನೀವು ಬರಲೇಬೇಕು. ಕಣ್ಣಾರೆ ನೋಡಿ, ಮೈಕಿನಲ್ಲಿ ಎರಡು ಮಾತು ಹೇಳಿ. ಇದು ನಮ್ಮ ಫ್ಯಾಕ್ಟರಿಯ ಗುರುತೇ ಅಂತ ನಿಮ್ಮ ಬಾಯಿಂದ ಬಂದ್ರೆ ಸಾಕು. ಮನವಿಗೆ ನಿಮ್ಮ ಸಹಿನೂ ಬೇಕು."

"ಬರ್ತೀನಿ," ಅಂದಳು ಮಳೆಯಮ್ಮ. "ಗುರುತಿನ ಅರ್ಥಾನೂ ಹೇಳ್ತೀನಿ."

ಡಾಕ್ಟರು ಕೈ ಮುಗಿದು ಹೋದರು. ಅವರ ಮುಖಕ್ಕೆ ಮಂಗಳಾರತಿ ಎತ್ತುವ ದಿನ ಭಾನುವಾರ ಅಂತ ಇವಳು ಅವತ್ತೇ ನಿಶ್ಚಯ ಮಾಡಿಕೊಂಡಳು.

ಸಂಜೆ ಗಂಡನಿಗೆ ಎಲ್ಲ ಹೇಳಿದಳು, ಡಾಕ್ಟರ ಹಾಗೇ ಕಣ್ಣು ಒರೆಸಿಕೊಂಡು ತೋರಿಸಿದಳು. ಗಂಡ ನಗಲಿಲ್ಲ. ಪೇಪರ್ ಮಡಿಸಿ ತೊಡೆ ಮೇಲಿಟ್ಟುಕೊಂಡ.

"ಬೇಡ ಕಣೇ. ಹುಚ್ಚರ ಸಹವಾಸ ನಮಗ್ಯಾಕೆ?"

"ಹುಚ್ಚು ಬಿಡಿಸೋಕೇ ಹೋಗ್ತಿರೋದು."

"ನಿನ್ನ ಮಂಡಿ ನೋವು ಬೇರೆ. ಎರಡು ಬಸ್ಸು ಬದಲಿಸ್ಬೇಕು."

"ನಿಮಗೆ ಹೊಟ್ಟೆಕಿಚ್ಚು ರೀ! ಕಾರ್ಪೆಟ್ ಅಂಟಿಸಿದವರನ್ನ ಯಾರೂ ಕರೀಲಿಲ್ಲ ಅಂತ."

ಅವನು ಪೇಪರ್ ಮತ್ತೆ ಬಿಡಿಸಿದ. ಅಲ್ಲಿಂದ ಭಾನುವಾರದವರೆಗೆ ಇನ್ನೂ ಮೂರು ಸಲ ಬೇಡ ಅಂದ. ಒಂದು ಸಲ ಹವಾಮಾನ ಸರಿ ಇಲ್ಲ ಅಂದ, ಒಂದು ಸಲ ತನಗೇ ಮೈ ಸರಿ ಇಲ್ಲ ಅಂದ, ಕೊನೇ ಸಲ ಕಾರಣವನ್ನೇ ಹೇಳಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಸಂಸಾರ ಮಾಡಿದವಳು, ಈ ಮನುಷ್ಯ ಒಂದೇ ಮಾತನ್ನ ನಾಲ್ಕು ಸಲ ಹೇಳಿದ್ದು ಅವಳು ನೋಡಿರಲಿಲ್ಲ. ಆದರೂ ಭಾನುವಾರ ಬೆಳಗ್ಗೆ ಇವಳಿಗಿಂತ ಮುಂಚೆ ತಯಾರಾಗಿ ಬಾಗಿಲಲ್ಲಿ ನಿಂತಿದ್ದ.

ಕೂಟ ನಡೆದದ್ದು ಊರಾಚೆಯ ಒಂದು ಖಾಲಿ ಗೋದಾಮಿನ ಮುಂದಿನ ಬಯಲಿನಲ್ಲಿ. ಮೂವತ್ತನಾಲ್ಕು ಡಬ್ಬಿಗಳು ಮೂರು ಸಾಲಾಗಿ ನಿಂತಿದ್ದವು. ದೇವರೇ, ಆ ಗಂಡಸರನ್ನ ನೋಡಬೇಕಿತ್ತು! ಒಬ್ಬ ಕಣ್ಣು ಮುಚ್ಚಿ ಸೀಟಿನ ವಾಸನೆ ಎಳೆದುಕೊಳ್ಳುತ್ತಿದ್ದ. ಇನ್ನೊಬ್ಬ ಬಂಪರ್ ಮುಂದೆ ಕುಕ್ಕರುಗಾಲಲ್ಲಿ ಕೂತು ಮಗುವಿನ ಗಲ್ಲ ಸವರಿದ ಹಾಗೆ ಸವರುತ್ತಿದ್ದ. ಬಾಗಿಲ ಹಿಡಿಯ ಸ್ಕ್ರೂ ನಕ್ಷತ್ರದ ತಲೆಯದೋ, ಸೀಳು ತಲೆಯದೋ ಅಂತ ಇಬ್ಬರು ಕತ್ತಿನ ಪಟ್ಟಿ ಹಿಡಿಯುವುದೊಂದು ಬಾಕಿ. ಅಷ್ಟರಲ್ಲಿ ಒಬ್ಬ ಬ್ಯಾಂಕ್ ಮ್ಯಾನೇಜರ ಕಾರನ್ನ ನಾಲ್ಕು ಜನ ತಳ್ಳಿಕೊಂಡು ಬಂದರು. "ರಾಣಿಗೆ ಬೆಳಗ್ಗೆ ಹೊತ್ತು ಸ್ವಲ್ಪ ಸೋಮಾರಿತನ," ಅಂತ ಅವರು ಹೆಮ್ಮೆಯಿಂದ ಹೇಳಿಕೊಂಡರು. ತಮ್ಮ ಮಗಳು ಏಳು ಗಂಟೆಗೆ ಏಳದಿದ್ದರೆ ಈ ಮನುಷ್ಯ ಸುಮ್ಮನಿರುತ್ತಾರಾ?

"ಇಂಥ ಕಾರು ಈಗ ಯಾರು ಮಾಡ್ತಾರೆ ಹೇಳಿ ಅಮ್ಮಾ!" ಅಂದರು ಮ್ಯಾನೇಜರು.

"ಯಾರೂ ಮಾಡಲ್ಲ ಬಿಡಿ, ಪುಣ್ಯಕ್ಕೆ."

ಅವರು ನಕ್ಕರು. ಇವರ ಮುಂದೆ ಏನು ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಮಳೆಯಮ್ಮ ಒಂದು ಕಾರಿನೊಳಗೆ ತಲೆ ಹಾಕಿದಳು. "ಹಳೇ ಕಾರಿನ ಘಮ," ಅಂದ ಅದರ ಯಜಮಾನ. ಘಮವಂತೆ! ಕಾರ್ಪೆಟ್ಟಿನಡಿಯ ಫೆಲ್ಟಿನ ದಪ್ಪ ಪದರ ಒದ್ದೆಯಾಗಿ ಕೊಳೆತರೆ ಬರುವ ವಾಸನೆ ಅದು. ಅವಳ ಮೂಗಿಗೆ ಗೊತ್ತಿಲ್ಲದ್ದಾ? ಗೊತ್ತಾಗಿ, ಎಲ್ಲೋ ಒಂದು ಕಡೆ ಸಣ್ಣಗೆ ಚುಚ್ಚಿತು ಕೂಡ. ಇಷ್ಟು ವರ್ಷ ಆದ ಮೇಲೆ ರಬ್ಬರು ಒಣಗಿ ಬಿರುಕು ಬಿಟ್ಟಿರುತ್ತೆ, ಸೋರುತ್ತೆ, ಅದರಲ್ಲಿ ತನ್ನ ತಪ್ಪೇನು ಅಂದುಕೊಂಡಳು.

ಅಷ್ಟರಲ್ಲಿ ಹಲ್ಲಿನ ಡಾಕ್ಟರು ಅವಳ ಕೈ ಹಿಡಿದು ಮೊದಲನೇ ಸಾಲಿನ ನಟ್ಟನಡುವೆ ನಿಂತಿದ್ದ ತಮ್ಮ ಕಾರಿನ ಹತ್ತಿರ ಕರೆದುಕೊಂಡು ಹೋದರು. ಸುತ್ತ ಹಗ್ಗ ಕಟ್ಟಿದ್ದರು. "ಇದೇ ಅಮ್ಮಾ, ಮೇಲಿನ ದರ್ಜೆ," ಅಂತ ದನಿ ತಗ್ಗಿಸಿ ಹೇಳಿ, ಡ್ರೈವರ್ ಕಡೆಯ ಕಾರ್ಪೆಟ್ಟನ್ನ ಹಲ್ಲು ಕೀಳುವ ನಾಜೂಕಿನಲ್ಲೇ ಮೆಲ್ಲಗೆ ಎತ್ತಿದರು.

ನೀಲಿ ಇಂಟು. ರಿಂಗಿಲ್ಲ.

ಮಳೆಯಮ್ಮ ಮೊದಲು ನಂಬಲಿಲ್ಲ. ಅಳಿಸಿ ಹೋಗಿರಬೇಕು ಅಂತ ಬಗ್ಗಿ ಬೆರಳಿಂದ ಉಜ್ಜಿದಳು. ಇಂಟು ಹಾಗೇ ಇತ್ತು, ಮೇಣ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಸುತ್ತಲಿನ ತಗಡು ಕಂದು ತುಕ್ಕಾಗಿ ಹಪ್ಪಳದಂತೆ ಪುಡಿಪುಡಿಯಾಗಿ ಬೆರಳಿಗೆ ಬಂತು. ಗೀಟು ಅವಳ ಕೈಯದೇ. ಅವಳು ಎಡಚಿ; ಕವುಚಿಕೊಂಡು ಎಡಗೈಯಲ್ಲಿ ಎಳೆದ ಗೀಟಿನ ಬಾಲ ಯಾವಾಗಲೂ ಸ್ವಲ್ಪ ಉದ್ದ.

"ಬರೀ ಮುದ್ರೆ. ಚಕ್ರ ಇಲ್ಲ, ನೋಡಿದ್ರಾ?" ಅಂದರು ಡಾಕ್ಟರು. "ಇದು ಅತಿ ಅಪರೂಪ."

"ಇಂಥವು ಎಷ್ಟಿವೆ?"

"ನಮ್ಮ ಸಂಘದಲ್ಲೇ ಒಂಬತ್ತು! ಹೊರಗೆ ಇನ್ನೂ ಎಷ್ಟಿವೆಯೋ. ಒಂದು ಸ್ವಾರಸ್ಯ ಹೇಳ್ತೀನಿ ಕೇಳಿ. ಒಂಬತ್ತೂ ತಯಾರಾಗಿರೋದು ತಿಂಗಳ ಕೊನೇ ದಿನಗಳಲ್ಲಿ. ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು. ತಿಂಗಳು ಪೂರ್ತಿ ನೋಡಿ ನೋಡಿ, ಕೊನೆಗೆ ಒಂದನ್ನ ಆರಿಸ್ತಿದ್ದ ಅಂತ ಕಾಣುತ್ತೆ ಆ ಹಿರಿಯ."

ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ತಿಂಗಳ ಕೊನೆ ಅಂದರೆ ಇಷ್ಟು ಕಾರು ಗೇಟು ದಾಟಲೇಬೇಕು ಅಂತ ಮ್ಯಾನೇಜ್‌ಮೆಂಟು ಕುತ್ತಿಗೆ ಮೇಲೆ ಕೂರುವ ದಿನಗಳು. ಆ ದಿನಗಳ ಮಾರನೇ ಬೆಳಗ್ಗೆ ಇವಳು, 'ನಿನ್ನೆ ನಾನು ಇಂಟು ಹಾಕಿದ್ದು ಏನಾಯ್ತು?' ಅಂತ ಕೇಳುತ್ತಿದ್ದಳು. 'ಸೆಕೆಂಡ್ ಶಿಫ್ಟಲ್ಲಿ ಆಯ್ತಮ್ಮ, ಒಣಗಿತ್ತು' ಅಂತ ಸೂಪರ್‌ವೈಸರ್ ತಲೆ ಎತ್ತದೆ ಹೇಳುತ್ತಿದ್ದ. ಇವಳು ನಂಬುತ್ತಿದ್ದಳು. ಸಂಬಳ ಕೊಟ್ಟು ಸುಳ್ಳು ಹೇಳುತ್ತಾರೆ ಅಂತ ಯಾರಿಗೆ ಗೊತ್ತು?

ಹಗ್ಗ ಕಟ್ಟಿ ನಿಲ್ಲಿಸಿದ್ದ ಆ ಒಂಬತ್ತನ್ನೂ ನೋಡಿದಳು. ಮಂಡಿ ಊರಿ, ಎದ್ದು, ಮತ್ತೆ ಮಂಡಿ ಊರಿ. ಒಂಬತ್ತರಲ್ಲೂ ಅವಳದೇ ಉದ್ದ ಬಾಲದ ಇಂಟು, ಒಂದಕ್ಕೂ ರಿಂಗಿಲ್ಲ. ಕೊನೆಯದರ ಹತ್ತಿರ ಎದ್ದು ನಿಲ್ಲಲಿಕ್ಕೆ ಡಾಕ್ಟರು ಆಸರೆ ಕೊಡಬೇಕಾಯಿತು. ಅವಳಿಗೆ ಅವಮಾನವಾಗಿತ್ತು. ನಡುಬೀದಿಯಲ್ಲಿ ಕಪಾಳಕ್ಕೆ ಹೊಡೆಸಿಕೊಂಡಷ್ಟು ಅವಮಾನ. ಹೊಡೆದವರು ಸತ್ತೇ ಹೋಗಿದ್ದರೋ ಏನೋ, ಏಟು ಮಾತ್ರ ಈಗ ತಗುಲಿತ್ತು. ಈ ಹುಚ್ಚರನ್ನ ನೋಡಿ ನಗಲು ಬಂದವಳು ತಾನು. ಇಲ್ಲದ ಗುಣ ಕಾರಿನಲ್ಲಿ ಕಂಡು ಇವರು ಕುಣಿಯುತ್ತಿದ್ದರೆ, ಇಲ್ಲದ ಬೆಲೆ ತನ್ನ ಇಂಟಿನಲ್ಲಿ ಕಂಡು ತಾನು ಹತ್ತೊಂಬತ್ತು ವರ್ಷ ಕುಣಿದಿದ್ದಳು. ಯಾರು ಯಾರನ್ನ ನೋಡಿ ನಗೋದು?

ಆಗ ಅವಳಿಗೆ ಕಾರ್ಪೆಟ್ಟಿನ ನೆನಪು ಬಂತು. ಒಂಬತ್ತು ಇಂಟಿನ ಮೇಲೂ ಕಾರ್ಪೆಟ್ ಇತ್ತು. ಕಾರ್ಪೆಟ್ ತಾನಾಗಿ ಬಂದು ಕೂರುವುದಿಲ್ಲ. ತಿರುಗಿ ನೋಡಿದಳು. ಬಯಲಿನ ಆ ತುದಿಯಲ್ಲಿ, ಟೀ ಇಟ್ಟಿದ್ದ ಮೇಜಿನ ಹತ್ತಿರ, ಅವಳ ಗಂಡ ಯಾವ ಕಾರಿನ ಕಡೆಗೂ ಮುಖ ಮಾಡದೆ ಗೋದಾಮಿನ ಗೋಡೆ ನೋಡುತ್ತ ನಿಂತಿದ್ದ. ಬೆಳಗ್ಗಿನಿಂದ ಅಲ್ಲೇ ನಿಂತಿದ್ದ.

ಅಷ್ಟರಲ್ಲಿ ಮೈಕು ಕೈಗೆ ಬಂತು.

"ಕೇಳಿ ಎಲ್ಲರೂ," ಅಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ನೀಲಿ ಮುದ್ರೆ ಹಾಕಿದ ಹಿರಿಯ ಅಂತೀರಲ್ಲ, ಅದು ನಾನೇ. ನೀರಿನೊಳಗೆ ಕೂತು ಹಾಕ್ತಿದ್ದೆ. ಒಂದನೇ ಕ್ಲಾಸಿನ ಮಗೂಗೂ ಗೊತ್ತು, ಇಂಟು ಹಾಕಿದ್ರೆ ತಪ್ಪು ಅಂತ. ನಿಮಗೆ ಗೊತ್ತಾಗ್ಲಿಲ್ವಾ? ಈ ಕಾರು ಸೋರುತ್ತೆ ಅಂತ ಅದರ ಅರ್ಥ. ಸುತ್ತ ರಿಂಗಿದ್ರೆ, ಸೋರಿತ್ತು, ಸರಿ ಮಾಡಿದ್ದಾರೆ. ರಿಂಗಿಲ್ದಿದ್ರೆ ಸರಿ ಮಾಡ್ಲೇ ಇಲ್ಲ, ಮುಚ್ಚಿ ಮಾರಿದ್ದಾರೆ ಅಂತ. ಮೊದಲನೇ ಸಾಲಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದ್ದೀರಲ್ಲ, ಅವು ಫೇಲಾದ ಕಾರುಗಳು. ಗೇಟು ದಾಟಬಾರದಿತ್ತು."

ಬಂಪರ್ ಸವರುತ್ತಿದ್ದವನು ಕೈ ಹಿಂದಕ್ಕೆ ತೆಗೆದ. ಡಾಕ್ಟರ ಬಾಯಿ ತೆರೆದುಕೊಂಡಿತ್ತು, ತಮ್ಮದೇ ಕುರ್ಚಿಯಲ್ಲಿ ಕೂತ ರೋಗಿಯಂತೆ. ಕೊನೆಗೂ ಇವರಿಗೆ ನಾಚಿಕೆಯಾಯಿತು, ಅಷ್ಟಾದರೂ ಆಯಿತಲ್ಲ ಅಂದುಕೊಂಡಳು ಮಳೆಯಮ್ಮ. ಬ್ಯಾಂಕ್ ಮ್ಯಾನೇಜರು ಕೈ ಎತ್ತಿದರು.

"ಅಂದ್ರೆ ಅಮ್ಮಾ, ಈ ಒಂಬತ್ತೂ ಇರಲೇಬಾರದಾಗಿದ್ದ ಕಾರುಗಳಾ?"

"ಹೌದು."

"ಕಂಪನಿಯವರೇ ಕದ್ದು ಹೊರಗೆ ಬಿಟ್ಟಿದ್ದಾ?"

"ಹೌದಪ್ಪಾ, ಹೌದು!"

"ಅಬ್ಬಬ್ಬಾ!" ಅಂದರು ಮ್ಯಾನೇಜರು. ಅದು ಬೇಸರದ ಅಬ್ಬಬ್ಬಾ ಅಲ್ಲ. ಬಯಲಿಗೆ ಬಯಲೇ ಚಪ್ಪಾಳೆ ಹೊಡೆಯಿತು. ಡಾಕ್ಟರು ಓಡಿ ಬಂದು ಅವಳ ಎರಡೂ ಕೈ ಹಿಡಿದುಕೊಂಡರು, ಕೆನ್ನೆ ಮೇಲೆ ನೀರು ಹರಿಯುತ್ತಿತ್ತು. "ನೀವು ಬೇಡ ಅಂದ ಕಾರು ನನ್ನ ಹತ್ರ ಇದೆ ಅಮ್ಮಾ! ಇರಬಾರದಾಗಿದ್ದ ಕಾರು! ಇಂಥ ಭಾಗ್ಯ ಯಾರಿಗಿದೆ?" ಮೊದಲನೇ ಸಾಲಿನವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಹಿಂದಿನ ಸಾಲಿನವರ ಮುಖ ಹುಳ್ಳಗಾಯಿತು. ಅವರಲ್ಲೊಬ್ಬ ಮೆಲ್ಲಗೆ ಹತ್ತಿರ ಬಂದು ಜೇಬಿನಿಂದ ನೀಲಿ ಪೆನ್ನು ತೆಗೆದ.

"ಅಮ್ಮಾ, ನನ್ನ ಕಾರಿಗೂ ಒಂದು ಇಂಟು ಹಾಕಿ ಕೊಡ್ತೀರಾ? ಸಣ್ಣದು ಸಾಕು."

"ನಿನ್ನ ಹಣೆ ಮೇಲೆ ಹಾಕ್ಲಾ?" ಅಂದಳು ಮಳೆಯಮ್ಮ.

ಅವನು ಒಂದು ಗಳಿಗೆ ಅದನ್ನೂ ಯೋಚಿಸಿದ. ಮನವಿಗೆ ಅವಳು ಸಹಿ ಹಾಕಲಿಲ್ಲ. ಹಾಕದಿದ್ದರೇನು, ಅವಳ ಕಣ್ಣೆದುರೇ ಅದಕ್ಕೆ ಒಂದು ಸಾಲು ಸೇರಿಸಿದರು: ಮತ್ತೆ ತಯಾರಿಸುವಾಗ ಮೊದಲಿದ್ದ ಯಾವುದನ್ನೂ ಬದಲಿಸಬಾರದು, ಸೋರಿಕೆ ಸಹ. ಇವರ ಜನ್ಮಕ್ಕಿಷ್ಟು! ಸೋರುವುದನ್ನ ತಡೆಯಲಿಕ್ಕೆ ಕಿವಿ ಕಳೆದುಕೊಂಡವಳ ಮುಂದೆ ನಿಂತು ಸೋರಿಕೆ ಬೇಕು ಅಂತ ಬರೆದು ಸಹಿ ಹಾಕುತ್ತಿದ್ದರು, ಒಬ್ಬರಾದ ಮೇಲೆ ಒಬ್ಬರು, ಸಾಲಾಗಿ ನಿಂತು.

ಮಧ್ಯಾಹ್ನ ಎರಡು ಗಂಟೆಗೆ ಗಂಡಹೆಂಡತಿ ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಬೇರೆ ಯಾರೂ ಇರಲಿಲ್ಲ. ಗಂಡ ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದ. ಮಳೆಯಮ್ಮ ಅವನನ್ನ ನೋಡುತ್ತಿದ್ದಳು.

"ಎಷ್ಟು?" ಅಂದಳು.

"ಏನು ಎಷ್ಟು?"

"ಒಂಟಿ ಇಂಟಿನ ಮೇಲೆ ಎಷ್ಟು ಕಾರ್ಪೆಟ್ ಅಂಟಿಸಿದ್ರಿ?"

ಅವನು ರಸ್ತೆಗೆ ಹೇಳುವವನ ಹಾಗೆ ಹೇಳಿದ.

"ತಿಂಗಳ ಕೊನೇಲಿ ಸೂಪರ್‌ವೈಸರ್ ಬಂದು ಪಕ್ಕದಲ್ಲೇ ನಿಲ್ಲೋನು. ಅಂಟಿಸು ಅನ್ನೋನು. ಮೊದಲನೇ ಸಲ ಆಗಲ್ಲ ಅಂದೆ. ಎರಡನೇ ಸಲ ಅನ್ನಲಿಲ್ಲ. ಎಷ್ಟು ಅಂತ ನನಗೂ ಗೊತ್ತಿಲ್ಲ."

"ಯಾವಾಗಿಂದ?"

"ನಮ್ಮ ಮದುವೆಗೂ ಮುಂಚಿನಿಂದ."

ಮಳೆಯಮ್ಮ ಕಂಬಕ್ಕೆ ಒರಗಿದಳು. ಮದುವೆಗೂ ಮುಂಚಿನಿಂದ! ಅಂದರೆ ಅವಳು ಆ ಮಾತನ್ನ ನಾದಿನಿ ಮುಂದೆ, ಅಕ್ಕನ ಮುಂದೆ, ಬಸ್ಸಿನವರ ಮುಂದೆ ಹೇಳುವಾಗಲೆಲ್ಲ ಇವನು ಪಕ್ಕದಲ್ಲೇ ಕೂತು ಕೇಳಿದ್ದ. ಸೀಟು ಹೊಲಿಯೋಕೆ ಹೋಗಲ್ಲ ಅಂತ ಅವಳು ಹಟ ಹಿಡಿದಾಗಲೂ ಕೇಳಿದ್ದ. 'ನಿನ್ನಿಷ್ಟ' ಅಂದಿದ್ದ. ಅವಳಿಗೆ ಸಿಟ್ಟು ಬಂತು, ಬಯಲಿನಲ್ಲಿದ್ದ ಮೂವತ್ತನಾಲ್ಕು ಜನರ ಮೇಲೆ ಸೇರಿಸಿ ಬಾರದಷ್ಟು ಸಿಟ್ಟು.

"ನನಗ್ಯಾಕೆ ಹೇಳಲಿಲ್ಲ?"

"ಹೇಗೆ ಹೇಳ್ಲಿ?" ಅಂದ ಗಂಡ. ಈಗ ಅವಳ ಕಡೆ ತಿರುಗಿದ್ದ. "ಚಳೀಲಿ ನಡುಗ್ತಾ ಬರ್ತಿದ್ದೆ ನೀನು. ಇವತ್ತು ಮೂರು ಹಿಡಿದೆ ರೀ, ಇವತ್ತು ಐದು ಹಿಡಿದೆ ರೀ ಅಂತ ನಗ್ತಾ ಹೇಳ್ತಿದ್ದೆ. ಆ ಮುಖಕ್ಕೆ ನಾನು ಏನು ಹೇಳ್ಬೇಕಿತ್ತು? ಹೇಳಿದ್ರೆ ಮಾರನೇ ದಿನ ಆ ನೀರಿನೊಳಗೆ ಹೋಗಿ ಕೂರ್ತಿದ್ಯಾ ನೀನು?"

"ಇಲ್ಲ," ಅಂದಳು ಮಳೆಯಮ್ಮ. "ಅದಕ್ಕೇ ಹೇಳ್ಬೇಕಿತ್ತು."

ಬಸ್ಸು ಬಂತು. ಅವಳು ಮೊದಲು ಹತ್ತಿ, ಡ್ರೈವರ್ ಹಿಂದೆ ಒಬ್ಬರೇ ಕೂರುವ ಸೀಟಿನಲ್ಲಿ ಕೂತಳು.